ದಸರೆ ರಜೆಗೆ ಮೈಸೂರೋ, ಹಂಪಿಯೋ?

ದಸರೆ ರಜೆ ಬಂತೆಂದರೆ ನಮ್ಮ ಸವಳಂಗದ ಮನೆಗಳಲ್ಲಿ ಅದೇ ಚರ್ಚೆ: ಮಕ್ಕಳೊಡನೆ ಮೈಸೂರಿಗೋ, ಹಂಪಿಗೋ? ಗೆಲ್ಲುವುದು ಮೈಸೂರೇ. ನನಗಿದು ಒಪ್ಪಿಗೆಯಿಲ್ಲ.

ದಸರೆಯ ಬೇರು ಇರುವುದೇ ಹಂಪಿಯಲ್ಲಿ. ವಿಜಯನಗರದ ಅರಸರ ಮಹಾನವಮಿಯ ಪರಂಪರೆಯನ್ನೇ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮೈಸೂರಿನ ಸರದಿ ಅನಂತರದ್ದು. ಇಂದಿನ ಅರಮನೆ ಮುಗಿದದ್ದು 1912ರಲ್ಲಿ, ಅದರ ನಕ್ಷೆ ಹೆನ್ರಿ ಇರ್ವಿನ್ ಎಂಬಾತನದು. ದೀಪಾಲಂಕಾರ ಚೆಂದವೇ, ಅಲ್ಲಗಳೆಯಲಾರೆ. ಆದರೆ ಆ ಜನಜಂಗುಳಿಯಲ್ಲಿ ತಂದೆಯ ಹೆಗಲೇರಿದ ಮಗುವಿಗೆ ಕಾಣುವುದು ಆನೆಯ ಬೆನ್ನಷ್ಟೇ!

ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಆನೆ, ಕುದುರೆ, ನರ್ತಕಿಯರ ಸಾಲುಗಳಿವೆ. ಮಗು ಹತ್ತಿರ ನಿಂತು ಎಣಿಸಬಹುದು. ಇಷ್ಟು ದೊಡ್ಡ ಊರು ಪಾಳುಬಿದ್ದದ್ದೇಕೆಂದು ಅದು ಕೇಳಿಯೇ ಕೇಳುತ್ತದೆ. 1565ರ ಯುದ್ಧದ ಕಥೆಯನ್ನು ನೀವೇ ಓದಿಕೊಂಡು ಹೋಗಿ. ಅದನ್ನು ಗೈಡಿನ ಬಾಯಿಗೆ ಬಿಡಬೇಡಿ.