ಮುಂದಿನ ಗಾಡಿಯ ಕೆಂಪು ದೀಪ

ಸಿಂಹಗಡದ ಮೇಲೆ ಮೋಡ ಕೂತಿತೆಂದರೆ ಪುಣೆಯ ಕಾರು ಬಳಗಗಳಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ನಮ್ಮ ಬಿಬವೇವಾಡಿಯ ಬಳಗವೂ ಇದಕ್ಕೆ ಹೊರತಲ್ಲ. ಅರ್ಧ ಕನ್ನಡಿಗರು, ಅರ್ಧ ಮರಾಠಿಗರು. ಭಾನುವಾರ ಬೆಳಿಗ್ಗೆ ಆರಕ್ಕೆ ಗಂಗಾಧಾಮ ಚೌಕದಲ್ಲಿ ಸೇರಿ, ಚಾಂದಣಿ ಚೌಕ, ಪಿರಂಗುಟ್, ಪೌಡ್ ದಾಟಿ, ಮುಳಶಿ ಹಿನ್ನೀರಿನ ಬದಿಯಲ್ಲಿ ತಾಮ್ಹಿಣಿ ಘಾಟಿಗೆ ಹೋಗುವುದು ಪ್ರತಿ ಮಳೆಗಾಲದ ವಾಡಿಕೆ.

ಗುಂಪಿನಲ್ಲಿ ಹೋಗುವಾಗ ಧೈರ್ಯ ಹೆಚ್ಚು. ಟೈರ್ ಪಂಕ್ಚರ್ ಆದರೆ ಕೈಹಾಕಲು ಹತ್ತು ಜನ ಇರುತ್ತಾರೆ. ಆದರೆ ಮಳೆಯಲ್ಲಿ ಇದೇ ಧೈರ್ಯ ಮೋಸ ಮಾಡುವುದೂ ಉಂಟು. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಒಣ ರಸ್ತೆಯಲ್ಲಿ ಮುಂದಿನ ಗಾಡಿಗೂ ನಮಗೂ ಮೂರು ಸೆಕೆಂಡಿನ ಅಂತರ ಬೇಕೆಂದರೆ, ಒದ್ದೆ ರಸ್ತೆಯಲ್ಲಿ ಅದರ ಎರಡರಷ್ಟು, ಅಂದರೆ ನೂರು ಮೀಟರ್ ಬೇಕು. ಬಳಗದ ಸಾಲಿನಲ್ಲಿ ನೂರು ಮೀಟರ್ ಬಿಡುವವರು ಯಾರು? ಬಿಟ್ಟರೆ ನಡುವೆ ಟೆಂಪೋ ನುಗ್ಗುತ್ತದೆ, ನಾವು ಹಿಂದೆ ಬಿದ್ದೆವೆಂಬ ಕಳವಳ. ಹೀಗಾಗಿ ಎಲ್ಲರೂ ಬಾಲ ಹಿಡಿದುಕೊಂಡೇ ಓಡುತ್ತಾರೆ.

ಕಳೆದ ಜುಲೈನಲ್ಲಿ ಏಳು ಗಾಡಿ ಹೊರಟಿದ್ದೆವು. ನನ್ನದು ಮೂರನೆಯದು. ಘಾಟಿಯಲ್ಲಿ ಮಳೆಯ ಜೊತೆಗೆ ಮಂಜೂ ಇಳಿಯಿತು. ಕೊನೆಯ ಗಾಡಿಯಲ್ಲಿದ್ದ ವಿಜಯಪುರದ ಕಾಕಾ, ಪಕ್ಕದಲ್ಲಿದ್ದ ಕಾಕುವಿಂದ ಫೋನ್ ಮಾಡಿಸಿದರು. ಸ್ಪೀಕರಿನಲ್ಲಿ ಅವರ ದನಿ: "ನನಗ ಮುಂದಿನ ಗಾಡಿ ಕೆಂಪು ದೀಪ ಕಾಣ್ತದ, ರಸ್ತಾ ಕಾಣವಲ್ದು. ನಾ ತಿರಗತೇನಿ."

"ಕಾಕಾ, ಇನ್ನ ಸ್ವಲ್ಪ ದೂರ ಅಷ್ಟ. ನಮ್ಮ ಹಿಂದ ಬರ್ರಿ" ಎಂದ ಮುಂದಿನ ಗಾಡಿಯ ಹುಡುಗ.

"ನಿನ್ನ ಹಿಂದ ಬಂದ್ರ, ನೀ ತಪ್ಪಿದಲ್ಲೇ ನಾನೂ ತಪ್ಪತೇನಪಾ."

ಯಾರೂ ಮಾತಾಡಲಿಲ್ಲ. ಅಗಲ ಜಾಗ ಸಿಗುವವರೆಗೆ ನಿಧಾನವಾಗಿ ಹೋಗಿ ಐದು ಗಾಡಿ ತಿರುಗಿಸಿದೆವು. ಇಬ್ಬರು ಬೇಸರಿಸಿಕೊಂಡು ಮುಂದೆ ಹೋದರು, ಸಂಜೆ ಕ್ಷೇಮವಾಗಿಯೇ ಮನೆ ಸೇರಿದರು. ಅದಕ್ಕೇ "ಸುಮ್ಮನೆ ಹೆದರಿಸಿದಿರಿ" ಎಂಬ ಮಾತು ಬಳಗದಲ್ಲಿ ಇನ್ನೂ ಓಡಾಡುತ್ತಿದೆ. ನನಗೆ ಮಾತ್ರ ಕಾಕಾ ಹೇಳಿದ್ದೇ ಸರಿ ಎನಿಸುತ್ತದೆ. ಕ್ಷೇಮವಾಗಿ ತಲುಪಿದ್ದು ರಸ್ತೆ ಕಾಣುತ್ತಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಏಳು ಗಾಡಿಯ ಸಾಲಿನಲ್ಲಿ ರಸ್ತೆ ನೋಡುವವನು ಒಬ್ಬನೇ. ಉಳಿದ ಆರು ಜನ ನೋಡುವುದು ದೀಪವನ್ನು.

ತಾಮ್ಹಿಣಿ ಇಳಿದರೆ ಮಾಣಗಾಂವ್, ಅಲ್ಲಿಂದ ಮುಂಬಯಿ–ಗೋವಾ ಹೆದ್ದಾರಿ. ಅದೇ ಹೆದ್ದಾರಿಯಲ್ಲಿ ಮಹಾಡ್ ಬಳಿ, 2016ರ ಆಗಸ್ಟ್ 2ರ ರಾತ್ರಿ, ತುಂಬಿ ಹರಿಯುತ್ತಿದ್ದ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಕುಸಿಯಿತು. ಎರಡು ಎಸ್.ಟಿ. ಬಸ್ಸುಗಳೂ ಬೇರೆ ವಾಹನಗಳೂ ನೀರುಪಾಲಾದವು. ಕತ್ತಲು, ಮಳೆ, ದಿನವೂ ಓಡಾಡುವ ರಸ್ತೆ. ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ.

ಈಗ ನಮ್ಮ ಬಳಗದಲ್ಲಿ ಮೂರು ಕಟ್ಟುಪಾಡು. ಎಲ್ಲರಿಗಿಂತ ನಿಧಾನ ಓಡಿಸುವವರೇ ಮುಂದೆ. ಓಡುವ ಗಾಡಿಯಲ್ಲಿ ನಾಲ್ಕೂ ಇಂಡಿಕೇಟರ್ ಹಾಕುವಂತಿಲ್ಲ. ಹಾಕಿದರೆ ತಿರುಗುವುದೂ ತಿಳಿಯದು, ನಿಂತದ್ದೂ ತಿಳಿಯದು. ಯಾರಾದರೂ ಒಬ್ಬರು "ಬೇಡ" ಎಂದರೆ ಎಲ್ಲರೂ ತಿರುಗಬೇಕು, ಕಾರಣ ಕೇಳುವಂತಿಲ್ಲ. ಮೂರನೆಯದಕ್ಕೆ ಒಪ್ಪದೆ ಆ ಇಬ್ಬರು ಬಳಗವನ್ನೇ ಬಿಟ್ಟರು. ಗೆಳೆಯರನ್ನು ಕಳೆದುಕೊಂಡ ಬೇಸರ ಇದ್ದೇ ಇದೆ.

ಘಾಟಿಗೆ ಹೋಗದವರಿಗೂ ಈ ಮಾತು ಬೇಕು. ಊರಿಗೆ ಹೋಗುವ ನಮ್ಮೆಲ್ಲರ ದಾರಿ ಕಾತ್ರಜ್ ದಾಟಿದ ಹೆದ್ದಾರಿಯೇ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ, ಕೊಲ್ಹಾಪುರದ ಶಿರೋಳಿ ಹತ್ತಿರ ಪಂಚಗಂಗೆಯೂ ನಿಪ್ಪಾಣಿಯ ಯಮಗರ್ಣಿ ಹತ್ತಿರ ವೇದಗಂಗೆಯೂ ರಸ್ತೆಗೆ ಬಂದು ಸಂಚಾರ ನಿಂತಿತ್ತು. ಹರಿಯುವ ನೀರು ಒಂದಡಿ ಇದ್ದರೂ ಸಣ್ಣ ಕಾರನ್ನು ಎತ್ತಬಲ್ಲದು. ಗಣೇಶನ ಹಬ್ಬಕ್ಕೆ ಹೊರಟಾಗ ರಸ್ತೆಯ ಮೇಲೆ ನೀರು ಕಂಡರೆ, ಮುಂದಿನ ಗಾಡಿ ದಾಟಿತೆಂದು ನೀವು ಇಳಿಯಬೇಡಿ. ಊರಿನಲ್ಲಿ ಕಾಯುತ್ತಿರುವವರಿಗೆ ಫೋನ್ ಮಾಡಿ, "ನಾಳೆ ಬರ್ತೀವಿ" ಅನ್ನಿ. ಕಡುಬು ಒಂದು ದಿನ ತಡವಾದರೂ ನಡೆಯುತ್ತದೆ.