ಖಾಲಿ ಇದೆ, ಸ್ವಾಮಿ!

ಬಂದೂಕಿನ ವಿಷಯವಾಗಿ ಪತ್ರಿಕೆಗೆ ಬರೆಯಬೇಕಾದೀತೆಂದು ನಾನು ಕನಸಿನಲ್ಲಿಯೂ ಎಣಿಸಿದವನಲ್ಲ. ನನ್ನ ವಂಶದಲ್ಲಿ ಬೇಟೆಗಾರರಿಲ್ಲ, ಸಿಪಾಯಿಗಳಿಲ್ಲ. ನಮ್ಮ ತಾತನವರು ಬಳಸಿದ ಒಂದೇ ಒಂದು ಆಯುಧವೆಂದರೆ ಅಡಕತ್ತರಿ. ನಾನಾದರೂ ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದ್ದರಿಂದ ಪಾಯಿಂಟ್ ಟೂ ಟೂ ರೈಫಲಿನಿಂದ ಒಂದು ದಿನ ಐದು ಗುಂಡು ಹೊಡೆದವನು. ಐದರಲ್ಲಿ ಎರಡು ಗುರಿಗೆ ತಗಲಿದುವು. ಉಳಿದ ಮೂರು ಎಲ್ಲಿಗೆ ಹೋದುವೋ, ಹಿಂದಿನ ಮಣ್ಣಿನ ದಿಬ್ಬಕ್ಕೇ ಗೊತ್ತು. ಆದರೆ ಆ ದಿನ ಸುಬೇದಾರರು ಕೂಗಿದ ಎರಡು ಮಾತು ಈಗಲೂ ಕಿವಿಯಲ್ಲಿದೆ: ‘ಖಾಲಿ ಕರ್!’, ‘ಜಾಂಚ್ ಶಸ್ತ್ರ್!’ ಗುಂಡು ಹೊಡೆದು ಮುಗಿಸಿದ ಮೇಲೆ ಬೋಲ್ಟನ್ನು ಹಿಂದಕ್ಕೆಳೆದು, ಒಳಗೆ ಏನೂ ಇಲ್ಲವೆಂದು ಅವರಿಗೆ ತೋರಿಸಬೇಕು. ಅವರು ಬಗ್ಗಿ ನೋಡಬೇಕು. ನಮ್ಮ ಬಾಯಿಮಾತನ್ನು ಅವರು ಒಂದು ಸಲವೂ ನಂಬಲಿಲ್ಲ. ಆಗ ನಮಗೆ ಅವಮಾನವೆನಿಸಿತ್ತು.

ನನ್ನ ತಂಗಿಯ ಮಗಳಿಗೆ ಈಗ ಹದಿಮೂರು. 2024ರಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ ಕೂಟದಲ್ಲಿ ಹರಿಯಾಣದ ಮನು ಭಾಕರ್ ಎಂಬ ಹುಡುಗಿ ಪಿಸ್ತೂಲು ಹಿಡಿದು ಎರಡು ಕಂಚಿನ ಪದಕ ಗೆದ್ದಳಷ್ಟೆ. ಭಾರತದ ಹೆಣ್ಣುಮಗಳೊಬ್ಬಳು ಗುರಿಹೊಡೆತದಲ್ಲಿ ಒಲಿಂಪಿಕ್ ಪದಕ ಪಡೆದದ್ದು ಅದೇ ಮೊದಲು. ಅಂದಿನಿಂದ ನಮ್ಮ ಹುಡುಗಿಗೆ ಬೇರೆ ಧ್ಯಾನವಿಲ್ಲ. ತಂಗಿ ಗದರಿದಳು, ಭಾವ ಜಾರಿಕೊಂಡರು, ಕೊನೆಗೆ ಅವಳು ನನ್ನ ಬಳಿಗೆ ಬಂದು, ‘ಮಾವ, ನೀವಾದರೂ ಕರೆದುಕೊಂಡು ಹೋಗಿ’ ಎಂದಳು. ಸೋದರಮಾವಂದಿರಿರುವುದು ಇಂಥದ್ದಕ್ಕೇ ಅಲ್ಲವೆ? ಒಂದು ಶನಿವಾರ ಇಬ್ಬರೂ ಊರಿನ ಹಳೆಯ ಬಂದೂಕಿನ ಅಂಗಡಿಯೊಂದಕ್ಕೆ ಹೋದೆವು.

ಗೋಡೆಯ ಮೇಲೆ ಧೂಳು ಹಿಡಿದ ಕಾಡುಕೋಣದ ತಲೆ. ಅದರ ಕೆಳಗೆ ಸಾಲಾಗಿ ನಿಲ್ಲಿಸಿದ ಜೋಡುನಳಿಗೆ ಬಂದೂಕುಗಳು. ಬೆರಳಿಗೆ ಎರಡೆರಡು ಉಂಗುರ ಹಾಕಿದ್ದ ಮಹನೀಯರೊಬ್ಬರು ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದರು. ಅವರ ಕಾಫಿ ಮುಗಿಯುವವರೆಗೆ ನಾವು ನಿಂತೇ ಇದ್ದೆವು. ಅನಂತರ ಅಂಗಡಿಯ ಯಜಮಾನರು ನಮ್ಮ ಕಡೆ ತಿರುಗಿ, ‘ಏನು ಸ್ವಾಮಿ, ಕೋತಿ ಓಡಿಸೋದಕ್ಕೋ?’ ಎಂದರು. ಕಾಗದದ ಗುರಿಗೆ ಹೊಡೆಯಲು ಕಲಿಯಬೇಕೆಂದೆ. ಅವರಿಗೆ ಅದು ಅರ್ಥವಾದಂತೆ ಕಾಣಲಿಲ್ಲ. ಒಂದು ಸ್ಪ್ರಿಂಗ್ ಗಾಳಿ ಬಂದೂಕನ್ನು ಕೆಳಗಿಳಿಸಿದರು, ನಳಿಗೆಯನ್ನು ಮುರಿದು ಬಗ್ಗಿಸಿದರು, ಮತ್ತೆ ನೆಟ್ಟಗೆ ಮಾಡಿದರು, ಮಾತನಾಡುತ್ತಲೇ ಅದನ್ನು ಅಡ್ಡಲಾಗಿ ಹಿಡಿದು ತಿರುಗಿಸಿದರು. ನಳಿಗೆಯ ಬಾಯಿ ಹುಡುಗಿಯ ಎದೆಯ ನೇರಕ್ಕೆ ಬಂದು ನಿಂತಿತು. ಟ್ರಿಗರ್ ಒತ್ತಿದರು. ‘ಠಪ್’ ಎಂದಿತು. ಹುಡುಗಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಯಜಮಾನರು ನಕ್ಕು, ‘ಹೆದರಬೇಡಮ್ಮ. ಖಾಲಿ ಇದೆ, ಸ್ವಾಮಿ!’ ಎಂದು ಸಮಾಧಾನವನ್ನು ನನಗೂ ಸೇರಿಸಿಯೇ ಹೇಳಿದರು.

ಈ ಲೇಖನವೆಲ್ಲ ಆ ಒಂದು ನಗೆಯ ವಿರುದ್ಧ.

ಖಾಲಿ ಇತ್ತು, ನಿಜ. ಇಲ್ಲದಿದ್ದರೆ ನಾನು ಹೀಗೆ ಕುಳಿತು ಬರೆಯುತ್ತಿರಲಿಲ್ಲ. ಆದರೆ ಖಾಲಿ ಎಂಬುದು ಅವರಿಗೆ ಹೇಗೆ ತಿಳಿಯಿತು? ನಳಿಗೆ ಮುರಿದಾಗ ಅವರ ದೃಷ್ಟಿ ನನ್ನ ಜೇಬಿನ ಕಡೆಗಿತ್ತೇ ಹೊರತು ನಳಿಗೆಯ ಕಡೆಗಲ್ಲ. ಬಗ್ಗಿ ನೋಡದೆ ಖಾಲಿ ಎನ್ನುವವನು ತನ್ನ ಅಭಿಪ್ರಾಯ ಹೇಳುತ್ತಿದ್ದಾನೆ, ಅಷ್ಟೆ. ಒಬ್ಬರ ಅಭಿಪ್ರಾಯದ ಮೇಲೆ ಮತ್ತೊಬ್ಬರ ಮಗುವಿನ ಎದೆಯನ್ನು ಪಣಕ್ಕಿಡುವುದು ಯಾವ ವ್ಯಾಪಾರ? ಬಟ್ಟೆ ಅಂಗಡಿಯವನು ಗಜಕಡ್ಡಿ ತಿರುಗಿಸಿದಂತೆ ಬಂದೂಕು ತಿರುಗಿಸುವವನಿಗೆ ಸರ್ಕಾರ ಪರವಾನಗಿ ಕೊಟ್ಟು ಕೂರಿಸಿದೆ. ಅವನಿಂದ ಬಂದೂಕು ಕೊಳ್ಳುವವನನ್ನು ಮಾತ್ರ ಆರು ತಿಂಗಳು ಪೊಲೀಸು ಠಾಣೆಗೂ ಕಚೇರಿಗೂ ಅಲೆಸುತ್ತದೆ!

ನಮ್ಮ ನಾಡಿನಲ್ಲಿಯೇ ಇದಕ್ಕೆ ಬೇರೆಯ ಸಂಪ್ರದಾಯವೊಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. 1959ರ ಶಸ್ತ್ರ ಕಾಯಿದೆ ಬಂದ ಮೇಲೂ ಅದು ಉಳಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು; 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ನನ್ನೊಡನೆ ಕೆಲಸ ಮಾಡುತ್ತಿದ್ದ ಕೊಡಗಿನ ಮಿತ್ರರೊಬ್ಬರು ಒಮ್ಮೆ ಕೈಲ್‌ಪೊಳ್ದ್ ಹಬ್ಬಕ್ಕೆ ಮನೆಗೆ ಕರೆದಿದ್ದರು. ಕೋವಿಗಳನ್ನು ಒರೆಸಿ, ನಳಿಗೆಗೆ ತೋಕ್‌ ಪೂ ಎಂಬ ಹೂ ಸಿಕ್ಕಿಸಿ, ದೀಪದ ಮುಂದೆ ಇಟ್ಟಿದ್ದರು. ಪೂಜೆಯಾದ ಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಏಳೆಂಟು ವರ್ಷದ ಮೊಮ್ಮಗನೊಬ್ಬ ತನ್ನ ಆಟದ ಮರದ ಕೋವಿಯನ್ನು ನನ್ನ ಕಡೆ ತಿರುಗಿಸಿದ. ಮರದ್ದು, ಮಹಾಶಯರೆ, ಆಟದ್ದು! ಅಜ್ಜಿ ಅಡುಗೆಮನೆಯಿಂದ ಬಂದು ಅವನ ಕಿವಿ ಹಿಂಡಿ ಅದನ್ನು ಕಿತ್ತುಕೊಂಡು ಹೋದರು. ಹಬ್ಬದ ದಿನ ಅವನಿಗೆ ಮತ್ತೆ ಅದು ಸಿಗಲಿಲ್ಲ. ಆ ಅಜ್ಜಿಯನ್ನು ಒಂದು ತಿಂಗಳ ಮಟ್ಟಿಗೆ ನಮ್ಮ ಊರಿನ ಬಂದೂಕಿನ ಅಂಗಡಿಗಳಿಗೆ ಮೇಲ್ವಿಚಾರಕರಾಗಿ ನೇಮಿಸಬೇಕೆಂದು ನನ್ನ ಆಸೆ.

ಇನ್ನು ಸರಕಿನ ಮಾತು. ಹತ್ತು ಮೀಟರ್ ಗಾಳಿ ರೈಫಲ್ ಪಂದ್ಯದಲ್ಲಿ ಗುರಿಯ ನಡುವಿನ ಹತ್ತರ ಚುಕ್ಕಿ ಅರ್ಧ ಮಿಲಿಮೀಟರ್ ಅಗಲ. ಹೊಡೆಯುವ ಸೀಸದ ಗುಂಡೇ 4.5 ಮಿಲಿಮೀಟರ್. ಎಂದರೆ ಗುಂಡಿನ ಒಂಬತ್ತರಲ್ಲಿ ಒಂದು ಪಾಲಿನಷ್ಟು ಚಿಕ್ಕ ಚುಕ್ಕಿಯನ್ನು ಗುಂಡಿನ ನಡುವಿಗೆ ತರಬೇಕು. ಅದನ್ನು ಒಂದೂಕಾಲು ಗಂಟೆಯಲ್ಲಿ 60 ಸಲ, ನಿಂತುಕೊಂಡು. ಒಂದು ಗುಂಡಿಗೆ ಸಿಗಬಹುದಾದ ಪರಮಾವಧಿ 10.9. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಪಡೆದು, ವೈಯಕ್ತಿಕ ಸ್ಪರ್ಧೆಯಲ್ಲಿ ಭಾರತಕ್ಕೆ ಮೊತ್ತಮೊದಲ ಒಲಿಂಪಿಕ್ ಚಿನ್ನ ತಂದರು. ಇಂಥ ಸೂಕ್ಷ್ಮದ ಆಟಕ್ಕೆ ನಮ್ಮ ಯಜಮಾನರು ಎತ್ತಿ ಕೊಟ್ಟದ್ದು ಕೋತಿ ಓಡಿಸುವ ಬಂದೂಕು. ಅದರ ಸ್ಪ್ರಿಂಗನ್ನು ಬಗ್ಗಿಸಲು ಹುಡುಗಿಯ ತೋಳಿನಲ್ಲಿ ಬಲವಿಲ್ಲ. ಬಗ್ಗಿಸಿದರೂ ಒಳಗಿನ ಪಿಸ್ಟನ್ ಮುಂದಕ್ಕೆ ಹಾರಿ ಇಡೀ ಬಂದೂಕು ಒಮ್ಮೆ ಹಿಂದಕ್ಕೂ ಒಮ್ಮೆ ಮುಂದಕ್ಕೂ ಜಗ್ಗುತ್ತದೆ. ಇನ್ನೊಂದು ವಿನೋದ ಕೇಳಿ: ಸ್ಪ್ರಿಂಗಿನ ಗಾಳಿ ಬಂದೂಕನ್ನು ಗುಂಡಿಲ್ಲದೆ ಹಾರಿಸಲೇಬಾರದು. ಗುಂಡಿನ ತಡೆಯಿದ್ದರೆ ತಾನೆ ಗಾಳಿ ಒತ್ತಿ ಪಿಸ್ಟನ್ನಿಗೆ ಮೆತ್ತೆಯಾದೀತು? ಅದಿಲ್ಲದಿದ್ದರೆ ಲೋಹಕ್ಕೆ ಲೋಹ ಬಡಿದು ಸ್ಪ್ರಿಂಗೂ ಸೀಲೂ ಕೆಡುತ್ತವೆ. ಯಜಮಾನರು ಗಿರಾಕಿಗಳ ಎದೆಗೆ ‘ಖಾಲಿ’ ಹೊಡೆದೂ ಹೊಡೆದೂ ಹಾಳುಮಾಡಿದ ಸರಕನ್ನೇ ಹೊಸದೆಂದು ಮಾರುತ್ತಿದ್ದರು!

ಗುಂಡಿನ ಡಬ್ಬಿಯ ಕಥೆಯೂ ಅದೇ. ಸೀಸದ ಪೆಲೆಟ್ಟಿಗೆ ಹಿಂದುಗಡೆ ಲಂಗದಂಥ ತೆಳುವಾದ ಅಂಚಿರುತ್ತದೆ. ಅದು ನಗ್ಗಿದರೆ ಗುಂಡು ನೇರವಾಗಿ ಹೋಗದು. ನನಗೆ ಕೊಟ್ಟ ಡಬ್ಬಿಯೇ ನಗ್ಗಿತ್ತು. ತೆರೆದು ನೋಡಿದಾಗ ಒಳಗಿನವು ಬಹುಪಾಲು ಚಪ್ಪಟೆಯಾಗಿದ್ದುವು. ‘ಕೋತಿಗೆ ಇಷ್ಟು ಸಾಕು’ ಎಂದು ಮುಂಚೆಯೇ ಹೇಳಿದ್ದರಲ್ಲ, ತಪ್ಪು ನನ್ನದೇ.

ಅಂಗಡಿ ಬಿಟ್ಟು ರೇಂಜಿಗೆ ಹೋದೆವು. ಕಟ್ಟಡವೊಂದರ ಎರಡನೆಯ ಮಹಡಿ, ಕನ್ನಡಿಯ ಬಾಗಿಲು, ಗೋಡೆಯ ಮೇಲೆ ಪದಕವಿಜೇತರ ದೊಡ್ಡ ದೊಡ್ಡ ಚಿತ್ರ. ಅವರಲ್ಲಿ ಒಬ್ಬರೂ ಆ ಮೆಟ್ಟಿಲು ಹತ್ತಿದವರಲ್ಲವೆಂದು ಆಮೇಲೆ ತಿಳಿಯಿತು. ಮೊದಲ ಪಾಠವೇನೆಂದು ಕೇಳಿದೆ. ಮೊದಲ ಪಾಠ ಜಾಕೆಟ್ಟಿನದು. ದಪ್ಪ ಕ್ಯಾನ್ವಾಸಿನ ಜಾಕೆಟ್ಟು, ಪ್ಯಾಂಟು, ಬೂಟು, ಕೈಗವಸು, ಎಲ್ಲವೂ ಅವರ ಬಳಿಯೇ ಸಿಗುತ್ತದೆ. ಈ ಜಾಕೆಟ್ಟು ಮೈಗೆ ಅಳತೆಯಾಗಿ ಕೂರಬೇಕು. ಹದಿಮೂರು ವರ್ಷದ ಹುಡುಗಿ ಮುಂದಿನ ಯುಗಾದಿಗೆ ಅದೇ ಅಳತೆಯಲ್ಲಿ ಇರುತ್ತಾಳೆಯೆ? ಅದನ್ನು ಕೇಳಿದರೆ, ‘ಆರು ತಿಂಗಳಲ್ಲಿ ರಾಷ್ಟ್ರಮಟ್ಟಕ್ಕೆ ಕಳಿಸ್ತೇವೆ ಸಾರ್, ಜಾಕೆಟ್ಟಿನ ಮುಖ ನೋಡಬೇಡಿ’ ಎಂಬ ಉತ್ತರ. ಅದಾದ ಮೇಲೆ ಎರಡು ಲಕ್ಷ ಮೀರುವ ವಿದೇಶದ ರೈಫಲಿನ ಮಾತು.

ಇವೆಲ್ಲ ಹಣದ ಮಾತು, ಹಾಳಾಗಲಿ. ನನ್ನ ಜಗಳ ಅದಲ್ಲ. ಒಬ್ಬ ಹುಡುಗ ಗುಂಡು ತುಂಬುತ್ತಿರುವಾಗಲೇ ಇನ್ನೊಬ್ಬ ತನ್ನ ಕಾಗದ ಬದಲಿಸಲು ಗುರಿಯ ಕಡೆಗೆ ನಡೆದು ಹೋದ. ಯಾರೂ ‘ನಿಲ್ಲು’ ಎನ್ನಲಿಲ್ಲ. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಕೆಳಗಿಟ್ಟ ಬಂದೂಕಿನೊಳಗೆ ಕಣ್ಣಿಗೆ ಹೊಡೆಯುವ ಬಣ್ಣದ ಎಳೆಯೊಂದನ್ನು ತೂರಿಸಿಡಬೇಕೆಂಬ ನಿಯಮವಿದೆ. ಅದು ಕಂಡರೆ ಒಳಗೆ ಗುಂಡಿಲ್ಲವೆಂದು ಹತ್ತು ಮಾರು ದೂರದಿಂದಲೂ ತಿಳಿಯುತ್ತದೆ. ಆ ಎಳೆಯ ಬೆಲೆ ನಾಲ್ಕು ಕಾಸು. ಅಲ್ಲಿ ಒಂದೂ ಇರಲಿಲ್ಲ. ಮೂಲೆಯಲ್ಲಿ ನಾಲ್ಕು ಮಕ್ಕಳು ಸೀಸದ ಗುಂಡು ಮುಟ್ಟಿದ ಕೈಯಲ್ಲೇ ಒಂದು ಪೊಟ್ಟಣದಿಂದ ಚುರುಮುರಿ ತಿನ್ನುತ್ತಿದ್ದರು. ಸೀಸ ಮಕ್ಕಳ ಮೆದುಳಿಗೆ ವಿಷವೆಂಬುದು ಈಗ ಶಾಲೆಯ ಪುಸ್ತಕದಲ್ಲೂ ಇದೆ. ಕೈತೊಳೆಯುವ ತೊಟ್ಟಿ ಎಲ್ಲಿ ಎಂದು ಕೇಳಿದ್ದಕ್ಕೆ ಕೆಳಗಿನ ಹೋಟೆಲನ್ನು ತೋರಿಸಿದರು.

ಇದನ್ನೆಲ್ಲ ಬರೆಯುತ್ತೇನೆಂದಾಗ ನನ್ನನ್ನು ತಡೆದವರು ಬಂದೂಕಿನ ವಿರೋಧಿಗಳಲ್ಲ. ಹಲವು ವರ್ಷಗಳಿಂದ ಗುರಿ ಅಭ್ಯಾಸ ಮಾಡುತ್ತಿರುವ ಸಜ್ಜನರು. ‘ಬೇಡಿ ಸ್ವಾಮಿ. ಮೊದಲೇ ಸರ್ಕಾರಕ್ಕೆ ನಮ್ಮ ಮೇಲೆ ಕಣ್ಣು. 2019ರ ತಿದ್ದುಪಡಿಯಲ್ಲಿ ಪರವಾನಗಿದಾರನ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ನೀವು ಪತ್ರಿಕೆಯಲ್ಲಿ ಹೀಗೆ ಬರೆದರೆ ಇರುವ ನಾಲ್ಕು ರೇಂಜೂ ಮುಚ್ಚುತ್ತವೆ’ ಎಂದರು. ಈ ಮಾತಿನಲ್ಲಿ ಸತ್ಯವಿಲ್ಲವೆನ್ನಲಾರೆ. ಅವರಿಗೆ ಗುಂಡು ಬೇಕಾದರೆ ಅದೇ ಅಂಗಡಿ, ರಿಪೇರಿಗೆ ಅದೇ ಅಂಗಡಿ, ಅಭ್ಯಾಸಕ್ಕೆ ಅದೇ ರೇಂಜು. ಯಜಮಾನರ ಮುಖ ಕೆಡಿಸಿಕೊಂಡು ಬದುಕುವುದು ಹೇಗೆ? ಆದರೆ ರೇಂಜನ್ನು ಮುಚ್ಚಿಸುವುದು ನನ್ನ ಲೇಖನವೋ, ಅಥವಾ ಒಂದು ದಿನ ಯಾವುದೋ ಮಗುವಿನ ಕಣ್ಣು ಹೋದಾಗ ಬರುವ ವರದಿಯೋ? ಅಂದು ಮುಚ್ಚಿದ್ದು ಮತ್ತೆ ತೆರೆಯಲಾರದು. ನೋಡಿಯೂ ಬಾಯಿ ಮುಚ್ಚಿಕೊಂಡಿದ್ದ ಸಜ್ಜನರು ಅಂದು ಯಾರಿಗೆ ಉತ್ತರ ಹೇಳುತ್ತಾರೆ?

ಎದುರುಮನೆಯವರದು ಬೇರೆ ಆಕ್ಷೇಪ: ಹೆಣ್ಣುಮಗುವಿನ ಕೈಗೆ ಬಂದೂಕೇ, ಅದೂ ಅಹಿಂಸೆಯ ನಾಡಿನಲ್ಲಿ? ಇವರೇ ಪ್ಯಾರಿಸ್ಸಿನ ಪದಕದ ದಿನ ಬೀದಿಗೆಲ್ಲ ಪೇಡಾ ಹಂಚಿದವರು. ಬಂದೂಕಿಗೆ ಕೆಟ್ಟ ಹೆಸರು ತಂದವರು ಕಾಗದಕ್ಕೆ ಹೊಡೆಯುವವರಲ್ಲ. ಉತ್ತರದ ಮದುವೆಗಳ ಮೆರವಣಿಗೆಯಲ್ಲಿ ಆಕಾಶಕ್ಕೆ ಗುಂಡು ಹಾರಿಸುವ ಶೂರರಿದ್ದಾರೆ. ಆ ಗುಂಡು ಮಹಡಿಯ ಮೇಲೆ ನಿಂತ ಯಾರದೋ ಮೈಗೆ ಬಂದು ಸೇರುತ್ತದೆ. 2019ರ ತಿದ್ದುಪಡಿಯೇ ಅದಕ್ಕೆ ಎರಡು ವರ್ಷದವರೆಗಿನ ಸೆರೆ ಅಥವಾ ಒಂದು ಲಕ್ಷದವರೆಗಿನ ಜುಲ್ಮಾನೆ, ಇಲ್ಲವೆ ಎರಡನ್ನೂ ವಿಧಿಸಬಹುದೆಂದಿತು. ನಮ್ಮಲ್ಲಿಯೂ ಬಂದೂಕಿನ ಪರವಾನಗಿಯನ್ನು ಸೊಂಟದ ಡಾಬಿನಂತೆ ಧರಿಸುವ ದೊಡ್ಡಮನುಷ್ಯರಿಗೆ ಬರವಿಲ್ಲ. ವರ್ಷಕ್ಕೆ ಒಂದು ಗುಂಡನ್ನೂ ಗುರಿಯಿಟ್ಟು ಹೊಡೆಯದ ಅವರಿಗೆ ಅಂಗಡಿಯಲ್ಲಿ ಕುರ್ಚಿ, ಕಾಫಿ. ಅರ್ಧ ಮಿಲಿಮೀಟರನ್ನು ಹುಡುಕಿಕೊಂಡು ಬಂದ ಹುಡುಗಿಗೆ ನಳಿಗೆಯ ಬಾಯಿ.

ನಾನು ಕೇಳುವುದು ಬಹಳವೇನಲ್ಲ. ಶಕ್ತಿ 20 ಜೂಲ್ ಮೀರದ 4.5 ಮಿಲಿಮೀಟರಿನ ಗಾಳಿ ಬಂದೂಕಿಗೆ 2016ರ ನಿಯಮಗಳ ಪ್ರಕಾರ ಪರವಾನಗಿ ಬೇಡ. ಬೇಡವೇ ಇರಲಿ. ಆದರೆ ಅದನ್ನು ಮಾರುವವನು ಕೊಳ್ಳುವವನಿಗೆ ಹತ್ತು ನಿಮಿಷ ಅದನ್ನು ಹಿಡಿಯುವುದು ಹೇಗೆಂದು ತೋರಿಸಲಿ. ಅಂಗಡಿಯ ಒಂದು ಗೋಡೆಯನ್ನು ಗೊತ್ತುಮಾಡಿ, ನಳಿಗೆ ಆ ಗೋಡೆಯ ಕಡೆಗಲ್ಲದೆ ಬೇರೆಡೆಗೆ ತಿರುಗದಿರಲಿ. ರೇಂಜಿನಲ್ಲಿ ‘ನಿಲ್ಲು’ ಎನ್ನುವ ಅಧಿಕಾರ ಒಬ್ಬನಿಗಿರಲಿ, ಒಂದು ಕೊಳಾಯಿ ಇರಲಿ. ಇಷ್ಟಕ್ಕೆ ಹೊಸ ಕಾಯಿದೆ ಬೇಕಿಲ್ಲ, ಮಂತ್ರಿಗಳ ಉದ್ಘಾಟನೆಯೂ ಬೇಕಿಲ್ಲ.

ಕೊಂಡ ಬಂದೂಕನ್ನು ಹಿಂದಿರುಗಿಸಲು ಮರುವಾರ ಅದೇ ಅಂಗಡಿಗೆ ಹೋದೆವು. ಯಜಮಾನರು ಕೈ ಚಾಚಿದರು. ಹುಡುಗಿ ಕೊಡಲಿಲ್ಲ. ಮೊದಲು ಅದನ್ನು ನೆಲಕ್ಕೆ ಮುಖಮಾಡಿ, ಎರಡೂ ಕೈಯಿಂದ ಜಗ್ಗಿ ನಳಿಗೆಯನ್ನು ಮುರಿದು, ಒಳಗೆ ನೋಡಿ, ‘ಅಂಕಲ್, ನೀವೂ ನೋಡಿ’ ಎಂದಳು. ಅವರು ನನ್ನ ಮುಖ ನೋಡಿದರು. ನಾನು ಕಾಡುಕೋಣದ ಮುಖ ನೋಡುತ್ತಿದ್ದೆ. ಕೊನೆಗೆ ಕನ್ನಡಕ ಹಾಕಿಕೊಂಡು ಬಗ್ಗಿದರು. ಹಣದಲ್ಲಿ ಕಾಲು ಭಾಗ ಮುರಿದುಕೊಂಡರು. ಚಪ್ಪಟೆ ಗುಂಡಿನ ಡಬ್ಬಿಯನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ಈಗ ಅವಳು ಊರಿನ ಇನ್ನೊಂದು ಮೂಲೆಯಲ್ಲಿ, ತಗಡಿನ ಚಾವಣಿಯ ಕೆಳಗೆ, ನಿವೃತ್ತ ಹವಲ್ದಾರರೊಬ್ಬರ ಬಳಿಗೆ ಹೋಗುತ್ತಾಳೆ. ಎರಡು ಬಸ್ಸು ಬದಲಿಸಬೇಕು. ಜಾಕೆಟ್ಟಿನ ಸುದ್ದಿ ಇಲ್ಲ. ಮೊದಲ ನಾಲ್ಕು ಭಾನುವಾರ ಬರಿಯ ರೈಫಲನ್ನು ಹಿಡಿದು ನಿಲ್ಲಿಸಿ, ಪ್ರತಿ ಸಲವೂ ತೆರೆದು ತೋರಿಸೆಂದು ಗದರಿಸಿ ಮನೆಗೆ ಕಳುಹಿಸಿದರು. ಹುಡುಗಿ ನನ್ನ ಮೇಲೆ ಮುನಿಸಿಕೊಂಡಳು. ಐದನೆಯ ಭಾನುವಾರ ಒಂದೇ ಒಂದು ಗುಂಡು ಕೊಟ್ಟರಂತೆ. ಅದು ಕಾಗದಕ್ಕೂ ತಗಲಲಿಲ್ಲವಂತೆ.