ಇಂಗ್ಲಿಷಿಗೊಂದು ಸಂತೆ ಬೇಕು

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ, ಇಂಡಿ ತಾಲ್ಲೂಕಿನಲ್ಲಿ ಹೊರ್ತಿ ಇದೆ. ಈ ಸೀಮೆಯ ರೈತರು ನಿಂಬೆ, ದ್ರಾಕ್ಷಿ, ದಾಳಿಂಬೆ ಹೇರಿಕೊಂಡು ಸೊಲ್ಲಾಪುರದ ಪೇಟೆಗೆ ಹೋದರೆ ಅಲ್ಲಿ ಮರಾಠಿಯಲ್ಲೇ ವ್ಯವಹಾರ ಮುಗಿಸಿ ಬರುತ್ತಾರೆ. ದರ ಕೇಳುತ್ತಾರೆ, ಜಗ್ಗಾಡುತ್ತಾರೆ, ಲೆಕ್ಕ ಚುಕ್ತಾ ಮಾಡುತ್ತಾರೆ. ಅವರಲ್ಲಿ ಹೆಚ್ಚಿನವರು ಮರಾಠಿ ವ್ಯಾಕರಣದ ಪುಸ್ತಕವನ್ನು ಕಣ್ಣಿನಿಂದಲೂ ಕಂಡಿಲ್ಲ. ಅದೇ ಮನೆಯ ಮಗ ಹತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಓದಿ ಪಾಸಾಗಿಯೂ ಸಂದರ್ಶನದ ಕೋಣೆಯಲ್ಲಿ ಒಂದು ವಾಕ್ಯ ಆಡಲಾರದೆ ತಲೆ ತಗ್ಗಿಸುತ್ತಾನೆ. ತಂದೆಗೆ ಪುಸ್ತಕವಿಲ್ಲದೆ ದಕ್ಕಿದ್ದು ಮಗನಿಗೆ ಪುಸ್ತಕವಿದ್ದೂ ಏಕೆ ದಕ್ಕಲಿಲ್ಲ?

ತಡವಾಗಿ ಕಲಿಯುವುದೇ ಕಾರಣ ಎಂದು ಬಹಳ ದಿನ ನಂಬಿದ್ದೆವು. ಮೊದಲು ನಮ್ಮ ಕನ್ನಡ ಶಾಲೆಗಳಲ್ಲಿ ಐದನೇ ಇಯತ್ತೆಗೆ ಬಂದ ಮೇಲೆ ಎಬಿಸಿಡಿ. 2007ರ ನಂತರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯಿತು. ಆದರೂ ಅಳುಕು ಹೋಗಿಲ್ಲ. ನನಗೆ ತೋರುವ ಕಾರಣ ಬೇರೆ. ಮರಾಠಿಗೆ ಸೊಲ್ಲಾಪುರದ ಪೇಟೆ ಇದೆ, ದಖನಿ ಉರ್ದುವಿಗೆ ಓಣಿ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಹಳ್ಳಿಗಳಲ್ಲಿ ಇಂಗ್ಲಿಷಿಗೆ ಮಾತ್ರ ಸಂತೆಯಿಲ್ಲ. ಕಿವಿಗೆ ಬೀಳದ, ಬೇಕಾದ ಸಂಗತಿಯನ್ನು ಹೊತ್ತು ತಾರದ ಭಾಷೆ ನಾಲಗೆಗೆ ಹತ್ತುವುದಿಲ್ಲ. ಆ ಸಂತೆಯನ್ನು ನಾವೇ ಕಟ್ಟಿಕೊಳ್ಳಬಹುದು. ಅದಕ್ಕೆ ಬೇಕಾದ ಸರಕು ಸುದ್ದಿ ಮತ್ತು ಭಾಷಣಗಳಲ್ಲಿದೆ.

ಸುದ್ದಿಯನ್ನೇ ಮೊದಲು ನೋಡೋಣ. ಮಳೆಗಾಲದಲ್ಲಿ ಆಲಮಟ್ಟಿ ಜಲಾಶಯದ ಮಟ್ಟವನ್ನು ಈ ಜಿಲ್ಲೆಯ ಜನ ದಿನಾ ವಿಚಾರಿಸುತ್ತಾರೆ. ಗರಿಷ್ಠ ಮಟ್ಟ 519.60 ಮೀಟರ್ ಎಂಬುದು ಹಲವರಿಗೆ ಬಾಯಿಪಾಠ. ಒಳಹರಿವು, ಹೊರಹರಿವು, ಕ್ಯೂಸೆಕ್, ಕ್ರೆಸ್ಟ್ ಗೇಟ್ ಎಂಬ ಮಾತುಗಳು ಚಹಾದ ಅಂಗಡಿಯಲ್ಲೂ ಓಡಾಡುತ್ತವೆ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಭೀಮಾ ತೀರದ ಊರುಗಳು ಎಚ್ಚರಗೊಳ್ಳುತ್ತವೆ. ಇಂಥ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದುವ ಹುಡುಗಿಗೆ ಅರ್ಧ ಅರ್ಥ ಮೊದಲೇ ಗೊತ್ತಿರುತ್ತದೆ. ಅವಳ ಗಮನವೆಲ್ಲ ಉಳಿದರ್ಧಕ್ಕೆ, ಅಂದರೆ ಭಾಷೆಗೆ, ಬಿಡುವಾಗುತ್ತದೆ. ಲಂಡನ್ನಿನ ಮಂಜಿನ ಬಗೆಗಿನ ಪಾಠದಲ್ಲಿ ವಿಷಯವೂ ಹೊಸದು, ಭಾಷೆಯೂ ಹೊಸದು. ಎರಡು ಹೊರೆಯನ್ನು ಒಟ್ಟಿಗೆ ಹೊರಲು ಹೋಗಿ ಮಗು ಎರಡನ್ನೂ ಕೆಳಗಿಡುತ್ತದೆ.

ಆದ್ದರಿಂದ ನಾನು ಹೇಳುವ ಕ್ರಮ ಸರಳ: ಮೊದಲು ಕನ್ನಡದಲ್ಲಿ ಓದು, ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದು. 1948ರಲ್ಲಿ ಒಂದೇ ಸಂಸ್ಥೆಯಿಂದ ಡೆಕ್ಕನ್ ಹೆರಾಲ್ಡ್ ಮತ್ತು ಪ್ರಜಾವಾಣಿ ಹುಟ್ಟಿದವು. ಈ ಎರಡನ್ನು ಅಕ್ಕಪಕ್ಕ ಇಟ್ಟುಕೊಂಡರೆ ಹಲವು ಸುದ್ದಿಗಳು ಎರಡೂ ಭಾಷೆಯಲ್ಲಿ ಸಿಗುತ್ತವೆ. ಕನ್ನಡಿಗರಿಗೆ ತೊಡಕಾಗುವ ವ್ಯಾಕರಣವೆಲ್ಲ ಅಲ್ಲಿ ಜೀವಂತವಾಗಿ ಕಾಣುತ್ತದೆ. ನಮ್ಮ ಭಾಷೆಯಲ್ಲಿ ‘ಎ’, ‘ದಿ’ ಎಂಬವು ಇಲ್ಲ. ವರದಿಯ ಮೊದಲ ಸಾಲಿನಲ್ಲಿ ಅಪರಿಚಿತ ಲಾರಿಯೊಂದು ‘ಎ ಲಾರಿ’ ಎಂದು ಬರುತ್ತದೆ; ಪರಿಚಯವಾದ ಮೇಲೆ ಎರಡನೇ ಸಾಲಿನಲ್ಲಿ ಅದೇ ‘ದಿ ಲಾರಿ’ ಆಗುತ್ತದೆ. ಹತ್ತು ಸುದ್ದಿಗಳಲ್ಲಿ ಇದನ್ನು ಗುರುತಿಸಿದವರಿಗೆ ಆ ನಿಯಮವನ್ನು ಉರು ಹೊಡೆಯುವ ಅಗತ್ಯ ಕಡಿಮೆಯಾಗುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಯವರೆಗೂ ಕಾಯುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ಅಧಿಕಾರಿ ಹೇಳಿದ್ದನ್ನು ವರದಿಗಾರ ತನ್ನ ಮಾತಿನಲ್ಲಿ ಬರೆಯುವ ಬಗೆಯೇ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಕಾಡುವ ಡೈರೆಕ್ಟ್–ಇನ್‌ಡೈರೆಕ್ಟ್ ಸ್ಪೀಚ್.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಶೀರ್ಷಿಕೆಗಳಿಂದ ಭಾಷೆ ಕಲಿಯಬಾರದು. ಜಾಗ ಉಳಿಸಲು ಅಲ್ಲಿ ‘ಎ’, ‘ದಿ’ಗಳನ್ನು ಬಿಡುತ್ತಾರೆ, ನಿನ್ನೆ ನಡೆದದ್ದನ್ನು ವರ್ತಮಾನಕಾಲದಲ್ಲಿ ಬರೆಯುತ್ತಾರೆ. ಹಾಗೆಯೇ ಬರೆದ ವಿದ್ಯಾರ್ಥಿಯ ಉತ್ತರ ತಪ್ಪಾಗುತ್ತದೆ. ಶೀರ್ಷಿಕೆ ವಿಷಯ ತಿಳಿಯಲಿಕ್ಕೆ, ಕೆಳಗಿನ ವರದಿ ಭಾಷೆ ತಿಳಿಯಲಿಕ್ಕೆ.

ಇನ್ನು ಭಾಷಣ. ಕೇಳಿ ಕಲಿಯುವುದನ್ನು ಈ ಜಿಲ್ಲೆಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಲಿಂಗೈಕ್ಯರಾಗುವವರೆಗೆ ದಶಕಗಳ ಕಾಲ ಊರೂರಲ್ಲಿ ಪ್ರವಚನ ಹೇಳಿದರು. ನಸುಕಿನಲ್ಲಿ ಎದ್ದು ಹೋಗಿ ಮೌನವಾಗಿ ಕೂತು ಕೇಳಿದವರಲ್ಲಿ ಶಾಲೆ ಕಾಣದ ರೈತರೂ ಇದ್ದರು. ಉಪನಿಷತ್ತಿನ ವಿಚಾರ, ಶರಣರ ಅನುಭಾವ ಆ ಕೇಳುಗರ ಮಾತಿನಲ್ಲಿ ಸಹಜವಾಗಿ ಬರುವುದನ್ನು ಇಂದಿಗೂ ಕೇಳಬಹುದು. ಆ ಪದಗಳನ್ನು ಅವರು ನಿಘಂಟು ತೆರೆದು ಕಲಿಯಲಿಲ್ಲ. ಮನಸ್ಸಿಟ್ಟು ಮತ್ತೆ ಮತ್ತೆ ಕೇಳಿದರು, ಅಷ್ಟೆ. ಇದನ್ನೇ ನಮ್ಮ ಹಿರಿಯರು ಶ್ರವಣ ಎಂದರು. ಇಂಗ್ಲಿಷಿಗೂ ಇದೇ ದಾರಿ.

ಓದಿನಿಂದ ಮಾತ್ರ ಇಂಗ್ಲಿಷ್ ಕಲಿತವರಿಗೆ ಆಡಿದ ಇಂಗ್ಲಿಷ್ ತಿಳಿಯದಿರಲು ಕಾರಣವಿದೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲಿನ ಹೊತ್ತು ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಕೆಲವು ಪದಗಳ ಮೇಲೆ ಒತ್ತು ಬೀಳುತ್ತದೆ, ಉಳಿದವು ಅರ್ಧ ನುಂಗಿಹೋಗುತ್ತವೆ. ಆ ಲಯ ಪುಟದ ಮೇಲೆ ಕಾಣುವುದಿಲ್ಲ. ಒಳ್ಳೆಯ ಭಾಷಣಕಾರ ಎಲ್ಲಿ ಒತ್ತುತ್ತಾನೆ, ಎಲ್ಲಿ ನಿಲ್ಲುತ್ತಾನೆ ಎಂದು ಪಠ್ಯ ಹಿಡಿದು ಕೇಳಿ, ಅವನ ಹಿಂದೆಯೇ ಗಟ್ಟಿಯಾಗಿ ಹೇಳಿದರೆ ಲಯ ಕೈಗೆ ಸಿಗುತ್ತದೆ. ಉದ್ದದ್ದೇ ಬೇಕೆಂದಿಲ್ಲ. 1863ರ ನವೆಂಬರ್ 19ರಂದು ಗೆಟ್ಟಿಸ್ಬರ್ಗ್‌ನಲ್ಲಿ ಅಮೆರಿಕದ ಅಧ್ಯಕ್ಷ ಲಿಂಕನ್ ಮಾಡಿದ ಭಾಷಣ ಸುಮಾರು 270 ಪದಗಳದ್ದು. ಅದರ ಕೊನೆಯಲ್ಲಿ ಪ್ರಜೆಗಳು ಎಂಬ ಒಂದೇ ಪದಕ್ಕೆ ‘ಆಫ್’, ‘ಬೈ’, ‘ಫಾರ್’ ಎಂಬ ಮೂರು ಪುಟ್ಟ ಪದಗಳನ್ನು ಸೇರಿಸಿ ಮೂರು ಅರ್ಥ ಹೊರಡಿಸಿದ್ದಾನೆ. ಇಡೀ ಪ್ರಿಪೊಜಿಷನ್ ಪಾಠ ಅಲ್ಲೇ ಇದೆ.

ಇಲ್ಲಿಯೂ ಪರಿಚಿತ ವಿಷಯವೇ ಮೊದಲಾಗಲಿ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಮಾತಾಡುತ್ತ, ರಾಜಕೀಯದಲ್ಲಿ ಸಮಾನತೆ ಬಂದರೂ ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿಯುತ್ತದೆಂದು ಎಚ್ಚರಿಸಿದರು. ಬಸವಣ್ಣ ಹುಟ್ಟಿದ ಬಾಗೇವಾಡಿಯ ಮಗುವಿಗೆ ಈ ವಿಚಾರ ಹೊಸದಲ್ಲ. ಹೊಸದಾಗಿರುವುದು ಅದನ್ನು ಹೇಳಿದ ಇಂಗ್ಲಿಷ್ ಮಾತ್ರ. ಅಂಬೇಡ್ಕರರ ಮನೆಮಾತೂ ಇಂಗ್ಲಿಷ್ ಆಗಿರಲಿಲ್ಲ ಎಂಬುದು ಮಗುವಿಗೆ ಧೈರ್ಯ ಕೊಡುತ್ತದೆ.

ಸುದ್ದಿಯ ವೇಗ ಹಿಡಿಯಲಾಗದು ಎಂಬ ದೂರಿಗೂ ಉತ್ತರವಿದೆ. 1959ರಲ್ಲಿ ವಾಯ್ಸ್ ಆಫ್ ಅಮೆರಿಕ ಬಾನುಲಿ, ಸುಮಾರು 1,500 ಪದಗಳಲ್ಲೇ ನಿಧಾನವಾಗಿ ಸುದ್ದಿ ಓದುವ ಕಾರ್ಯಕ್ರಮವನ್ನು ಕಲಿಯುವವರಿಗಾಗಿ ಆರಂಭಿಸಿತು. ಅಷ್ಟು ಪದಗಳಲ್ಲಿ ಜಗತ್ತಿನ ಸುದ್ದಿ ಹೇಳಬಹುದಾದರೆ ಅಷ್ಟರಿಂದಲೇ ನಾವೂ ಶುರುಮಾಡಬಹುದು.

ಹೀಗೆ ಇಂಗ್ಲಿಷಿನ ಬೆನ್ನು ಹತ್ತಿದರೆ ಕನ್ನಡ ಸೊರಗುವುದಿಲ್ಲವೇ ಎಂದು ಕೇಳುವವರ ಆತಂಕವನ್ನು ನಾನು ಗೌರವಿಸುತ್ತೇನೆ. ಆದರೆ ಇದೇ ವಿಜಯಪುರದಲ್ಲಿ ವಕೀಲಿ ಮಾಡಿದ ಫ.ಗು. ಹಳಕಟ್ಟಿಯವರನ್ನು ನೆನೆಯಬೇಕು. ಕಾನೂನನ್ನು ಇಂಗ್ಲಿಷಿನಲ್ಲಿ ಓದಿದ ಅವರು ಮನೆಮನೆ ತಿರುಗಿ ವಚನದ ತಾಡೋಲೆ ಕೂಡಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು, ವಚನಗಳನ್ನು ಇಂಗ್ಲಿಷಿಗೂ ಅನುವಾದಿಸಿದರು. ಕನ್ನಡ ಗಟ್ಟಿಯಾಗಿದ್ದವರ ಕೈಯಲ್ಲಿ ಇಂಗ್ಲಿಷ್ ಕನ್ನಡಕ್ಕೇ ದುಡಿಯಿತು. ಕನ್ನಡದಲ್ಲಿ ಸುದ್ದಿ ಓದಿ ಇಂಗ್ಲಿಷಿಗೆ ಹೋಗುವ ಕ್ರಮದಲ್ಲಿ ಮಗು ದಿನವೂ ಕನ್ನಡವನ್ನೇ ಮೊದಲು ತೆರೆಯುತ್ತದೆ.

ಇದಕ್ಕೆ ದೊಡ್ಡ ದುಡ್ಡು ಬೇಡ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹೊರ್ತಿಯಂಥ ಊರುಗಳ ಅರಿವು ಕೇಂದ್ರಕ್ಕೆ ಕನ್ನಡ ಪತ್ರಿಕೆಯ ಜೊತೆ ಒಂದು ಇಂಗ್ಲಿಷ್ ಪತ್ರಿಕೆಯೂ ಬರಲಿ. ಸಂಜೆ ಅರ್ಧ ತಾಸು ಮಕ್ಕಳು ಒಂದೇ ಸುದ್ದಿಯನ್ನು ಎರಡೂ ಭಾಷೆಯಲ್ಲಿ ಗಟ್ಟಿಯಾಗಿ ಓದಲಿ. ವಾರಕ್ಕೊಮ್ಮೆ ಒಂದು ಭಾಷಣವನ್ನು ಮೊಬೈಲಿನಲ್ಲಿ ಎಲ್ಲರೂ ಕೂಡಿ ಕೇಳಲಿ. ಗುರುಗಳೇ, ಆ ಅರ್ಧ ತಾಸಿನಲ್ಲಿ ತಪ್ಪು ಹುಡುಕಿ ಮಕ್ಕಳನ್ನು ತಡೆಯಬೇಡಿ. ಸೊಲ್ಲಾಪುರದ ಪೇಟೆಯಲ್ಲಿ ಮೊದಲ ದಿನ ತಪ್ಪು ಮರಾಠಿ ಆಡಿದ ತಂದೆಯನ್ನು ಯಾರೂ ಹೊರಗೆ ಕಳಿಸಲಿಲ್ಲ. ಅದಕ್ಕೇ ಅವರು ಕಲಿತರು.